ಅತ್ತೆಗೆ ಪಾದ್ರಿಯ ಕಥೆ ಹೇಳಿದ ಚಳಿಗಾಲ

ಮೊನ್ನೆ ಆಫೀಸು ಮುಗಿಸಿ ಚಾಟ್ಸ್‌ವುಡ್ ಸ್ಟೇಷನ್ನಿನಲ್ಲಿ ಟ್ರೇನಿಗೆ ಕಾಯುತ್ತಿದ್ದಾಗ ಎದುರಿನ ಗೋಡೆಯ ಮೇಲೆ ಆ ಪಾದ್ರಿ ಕಾಣಿಸಿದ. ಅದೇ ಉದ್ದ ಮುಖ, ಅದೇ ನಿದ್ದೆಗೆಟ್ಟ ಕಣ್ಣು, ಕೊರಳಿಗೆ ಅದೇ ಬಿಳಿ ಪಟ್ಟಿ. ಕೆಳಗೆ ದಪ್ಪ ಅಕ್ಷರದಲ್ಲಿ, ಎರಡನೆಯ ಸರಣಿ ಬರುತ್ತಿದೆ ಅಂತ. ನಾನು ಪೋಸ್ಟರುಗಳ ಜೊತೆ ಜಗಳ ಆಡುವ ಹೆಂಗಸಲ್ಲ. ಆದರೆ ಅವತ್ತು 'ನಿನ್ನ ಬಾಯಾಗ ಮಣ್ಣು ಹಾಕ' ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿದ್ದ ಹುಡುಗಿ ಇಯರ್‌ಫೋನ್ ತೆಗೆದು, ನೀವು ಸರಿಯಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಸರಿಯಾಗಿದ್ದೇನೆ ಎಂದೆ. ಬ್ಲ್ಯಾಕ್‌ಟೌನ್ ಕಡೆಯ ಟ್ರೇನು ಬಂತು, ಹತ್ತಲಿಲ್ಲ. ಅದರ ಹಿಂದೆ ಬಂದದ್ದನ್ನೂ ಬಿಟ್ಟು ಬೆಂಚಿನ ಮೇಲೆ ಕೂತೆ.

ಬ್ರಿಟನ್ನಿನ ಟೀವಿ ಸರಣಿ ಅದು. ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಭಾನುವಾರಕ್ಕೊಂದರಂತೆ ಎಂಟು ಕಂತು ಬಂತು. ಎಂಟನ್ನೂ ನಾನು ನನ್ನ ಅತ್ತೆಗೆ ಕನ್ನಡ ಮಾಡಿ ಹೇಳಿದೆ. ಆ ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆಯೂ ಇರಲಿಲ್ಲ. ಸಾವು ಬರುವುದಿತ್ತು, ಬಂತು, ಅದಕ್ಕೆ ಯಾರೂ ಹೊಣೆಯಲ್ಲ. ಹೇಗೆ ಬಂತು ಅನ್ನುವುದಕ್ಕೆ ಮಾತ್ರ ನಾನು ಹೊಣೆ.

ಅತ್ತೆ ಹುಬ್ಬಳ್ಳಿಯ ಗಂಗವ್ವ. ಅವರ ಇಬ್ಬರು ಗಂಡುಮಕ್ಕಳೂ ಈ ದೇಶದಲ್ಲೇ ಪಿಆರ್ ಪಡೆದು ಕಾಯಂ ಆಗಿ ನಿಂತವರು. ದೊಡ್ಡವನು ಮಹಾಂತೇಶ, ನನ್ನ ಗಂಡ, ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದೇವೆ. ಚಿಕ್ಕವನು ಶಿವು ಮೆಲ್ಬರ್ನಿನಲ್ಲಿ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನೂ ಇಲ್ಲಿಗೇ ಕರೆಸಿಕೊಂಡೆವು. ಬಂದ ಮೊದಲ ವಾರವೇ ಅವರು ನಮ್ಮ ಹಿತ್ತಲಿನಲ್ಲಿ ಒಂದು ಸುತ್ತು ಹಾಕಿ, ಬಾಟಲ್‌ಬ್ರಶ್ ಗಿಡದ ಕೆಂಪು ಹೂವು ಕಿತ್ತು ಮೂಸಿ ನೋಡಿ, ಇದು ಶಿವನಿಗೆ ನಡೆಯುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಅವರೇ ಸ್ವಲ್ಪ ಯೋಚನೆ ಮಾಡಿ, ಹೂವು ಕೊಟ್ಟವನೂ ಅವನೇ, ನಡೆಯುತ್ತದೆ ಎಂದು ತೀರ್ಪು ಕೊಟ್ಟುಕೊಂಡರು.

ಅವರ ಕೊರಳಲ್ಲಿ ಇಷ್ಟಲಿಂಗ ಇತ್ತು. ಬೆಳ್ಳಿಯ ಕರಡಿಗೆಯಲ್ಲಿ ಅಲ್ಲ, ವಿಭೂತಿ ಹತ್ತಿ ಹತ್ತಿ ಬೂದಿ ಬಣ್ಣಕ್ಕೆ ತಿರುಗಿದ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರು. ಹುಟ್ಟಿದ ಕೂಸಿಗೆ ಸ್ವಾಮಿಗಳು ಕಟ್ಟಿದ್ದು. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಅದನ್ನು ಇಟ್ಟುಕೊಂಡು ಪೂಜೆ ಮುಗಿಸುವ ತನಕ ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ಜ್ವರ ಬರಲಿ, ವಿಮಾನದಲ್ಲಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ನನಗೂ ಹಾಗೇ ಕಟ್ಟಿದ್ದರು. ಆದರೆ ಸಿಡ್ನಿಗೆ ಬಂದ ವರ್ಷವೇ ನಾನು ಅದನ್ನು ಬಿಚ್ಚಿ, ಪಾಸ್‌ಪೋರ್ಟುಗಳ ಕೆಳಗೆ ಡ್ರಾಯರಿನಲ್ಲಿ ಇಟ್ಟೆ. ಆಫೀಸಿನ ಟಾಪಿನ ಕೆಳಗೆ ಏನೋ ಉಬ್ಬಿಕೊಂಡ ಹಾಗೆ ಕಾಣುತ್ತದೆ ಎನ್ನುವುದಷ್ಟೇ ಕಾರಣ. ನಂಬಿಕೆ ಹೋಗುವುದಕ್ಕೆ ದೊಡ್ಡ ದೊಡ್ಡ ಕಾರಣ ಬೇಕು ಅಂದುಕೊಂಡಿದ್ದೆ, ನನ್ನದು ಅಂಗಿಯ ಕೊರಳಪಟ್ಟಿಗೆ ಹೋಯಿತು.

ಆ ವರ್ಷ ಮಾರ್ಚ್ ಕೊನೆಗೆ ಅತ್ತೆಗೆ ತಲೆ ತಿರುಗುವುದು, ಕಣ್ಣು ಮಂಜಾಗುವುದು ಶುರುವಾಯಿತು. ಸ್ಕ್ಯಾನ್ ಮಾಡಿಸಿ ಎಂದರು. ಬೆಳಿಗ್ಗೆ ಏಳಕ್ಕೇ ಅಪಾಯಿಂಟ್‌ಮೆಂಟ್. ಮಹಾಂತೇಶನಿಗೆ ಮೀಟಿಂಗ್ ಇತ್ತು, ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅತ್ತೆಯ ಸ್ನಾನ ಆಗಿತ್ತು, ಪೂಜೆ ಆಗಿರಲಿಲ್ಲ. ಮನೆಗೆ ಬಂದು ಮಾಡಿದರಾಯಿತು ಎಂದು ಬಾಯಲ್ಲಿ ಹನಿ ನೀರಿಲ್ಲದೆ ಹೊರಟಿದ್ದರು.

ಯಂತ್ರದೊಳಗೆ ಹೋಗುವ ಮುಂಚೆ ಕೊರಳಲ್ಲಿ ಇರುವುದನ್ನೆಲ್ಲ ತೆಗೆಯಬೇಕು ಎಂದಳು ನರ್ಸ್. ಇದು ಕಲ್ಲು, ಲೋಹ ಅಲ್ಲ ಎಂದು ನಾನು ವಾದ ಮಾಡಿದೆ. ಆಕೆ ಬಹಳ ಮರ್ಯಾದೆಯಿಂದಲೇ, ಒಳಗೆ ಏನಿದೆ ನಮಗೆ ತಿಳಿಯದು, ದಯವಿಟ್ಟು ತೆಗೆಯಿರಿ ಎಂದಳು.  ನಾನು ಕನ್ನಡದಲ್ಲಿ ಹೇಳಿದ ಮೇಲೆ ಅತ್ತೆ ತಾವೇ ಬಿಚ್ಚಿ ನನ್ನ ಬೊಗಸೆಯಲ್ಲಿ ಇಟ್ಟರು. 'ಕೆಳಗ ಇಡಬ್ಯಾಡ ಹಾಂ' ಎಂದಷ್ಟೇ ಹೇಳಿ ಒಳಗೆ ಹೋದರು.

ನರ್ಸ್ ನನಗೆ ಒಂದು ಲಾಕರಿನ ಕೀಲಿ ಕೊಟ್ಟಳು. ತೆಗೆದು ನೋಡಿದರೆ ಅದರೊಳಗೆ ಅತ್ತೆಯ ಚಪ್ಪಲಿ ಇತ್ತು. ಚಪ್ಪಲಿಯ ಜೊತೆ ಲಿಂಗ ಇಡುವುದೆ? ಡ್ರಾಯರಿನಲ್ಲಿ ಪಾಸ್‌ಪೋರ್ಟಿನ ಕೆಳಗೆ ಇಟ್ಟವಳಿಗೆ ಅವತ್ತು ಎಲ್ಲಿಂದ ಬಂತೋ ಮಡಿ. ನನ್ನ ಹ್ಯಾಂಡ್‌ಬ್ಯಾಗಿನಲ್ಲೂ ಇಡಲು ಮನಸ್ಸಾಗಲಿಲ್ಲ, ಅವತ್ತು ನಾನು ಮುಟ್ಟಾಗಿದ್ದೆ, ಬ್ಯಾಗಿನಲ್ಲಿ ಅದಕ್ಕೆ ಬೇಕಾದ ಸಾಮಾನಿತ್ತು. ಕೌಂಟರಿನ ಮೇಲಿದ್ದ ಹೊಸ ಡಬ್ಬಿಯಿಂದ ನಾಲ್ಕು ಟಿಶ್ಯೂ ಎಳೆದು, ಬಟ್ಟೆ ಸಮೇತ ಲಿಂಗವನ್ನು ಸುತ್ತಿ, ಕಾಯುವ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಯಾರ ಕಾಲೂ ತಾಗದ, ಕೂತವರ ತಲೆಗಿಂತ ಎತ್ತರದ ಜಾಗ. ಇಟ್ಟು, ಯಾರೂ ನೋಡದ ಹಾಗೆ ಕೈ ಕೂಡ ಮುಗಿದೆ. ಅಷ್ಟರಲ್ಲಿ ನರ್ಸ್ ಕರೆದಳು. ಅತ್ತೆಗೆ ಒಳಗೆ ಗಾಬರಿಯಾಗಿದೆ, ಭಾಷೆ ತಿಳಿಯುತ್ತಿಲ್ಲ, ಬನ್ನಿ ಎಂದಳು. ಹೋದೆ. ಮುಕ್ಕಾಲು ಗಂಟೆ ಅವರ ಪಾದ ಹಿಡಿದುಕೊಂಡು ನಿಂತಿದ್ದೆ.

ಹೊರಗೆ ಬಂದಾಗ ಕಿಟಕಿಯ ಕಟ್ಟೆ ಫಳಫಳ ಹೊಳೆಯುತ್ತಿತ್ತು. ಕಸ ತೆಗೆಯುವವನು ಬಂದು ಹೋಗಿದ್ದ. ಮುದ್ದೆಯಾದ ಟಿಶ್ಯೂ ಕಂಡರೆ ಯಾರಾದರೂ ಏನು ಮಾಡುತ್ತಾರೆ? ಅವನು ತನ್ನ ಕೆಲಸ ಮಾಡಿದ್ದ. ಓಡಿ ಹಿಡಿದು ಕೇಳಿದೆ, ಅವನು ಪಾಪ ನನ್ನ ಜೊತೆ ಕೆಳಗಿನ ಮಹಡಿಯವರೆಗೂ ಬಂದ. ಆಸ್ಪತ್ರೆಯ ಕಸ ಮತ್ತೆ ತೆರೆಯುವ ಹಾಗಿಲ್ಲವಂತೆ, ಅದು ಆಗಲೇ ಯಂತ್ರದಲ್ಲಿ ಒತ್ತಿ ಲಾರಿ ಹತ್ತಿತ್ತು. ಎಪ್ಪತ್ತೊಂಬತ್ತು ವರ್ಷ ಒಂದು ಜೀವದ ಎದೆಯ ಮೇಲಿದ್ದ ದೇವರನ್ನು ನಾನು ಭಕ್ತಿಯಿಂದಲೇ ಕಸಕ್ಕೆ ಹಾಕಿದ್ದೆ.

ಅತ್ತೆ ಸೀರೆ ಸರಿಮಾಡಿಕೊಂಡು ಬಂದು ಮೊದಲು ಕೇಳಿದ್ದೇ ಅದು. ನನ್ನ ಹತ್ತಿರ ಜೋಪಾನವಾಗಿದೆ, ಇಲ್ಲೆಲ್ಲ ಮೈಲಿಗೆ, ಮನೆಗೆ ಹೋಗಿ ಕಟ್ಟಿಕೊಳ್ಳುವಿರಂತೆ ಎಂದೆ. ಕಾರಿನಲ್ಲಿ ದಾರಿಯುದ್ದಕ್ಕೂ ಅವರು ತುಟಿ ಒಣಗಿಸಿಕೊಂಡು ಕೂತಿದ್ದರು. ಮನೆ ಮುಟ್ಟಿದ್ದೇ ಮೇಲೆ ಓಡಿ ಡ್ರಾಯರ್ ತೆಗೆದೆ. ಬೆಳ್ಳಿ ಕರಡಿಗೆಯಿಂದ ನನ್ನ ಲಿಂಗ ತೆಗೆದೆ. ಅತ್ತೆಯ ಗಂಟಿನಲ್ಲಿ ತೊಳೆದಿಟ್ಟ ಇನ್ನೊಂದು ವಸ್ತ್ರ ಇತ್ತು, ಅದರಲ್ಲಿ ಕಟ್ಟಿ, ಆಸ್ಪತ್ರೆಯ ಬಟ್ಟೆ ಬೇಡ ಅಂತ ಬದಲಾಯಿಸಿದೆ ಎಂದು ಹೇಳಿ ಕೈಗೆ ಕೊಟ್ಟೆ. ಕಣ್ಣು ಮಂಜಾಗಿದ್ದರಿಂದ ಅವರು ಬೆರಳಿನಿಂದ ನೋಡುತ್ತಿದ್ದರು. ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ತೂಗಿದರು.

'ಹಗುರ ಆದಂಗ ಅನಸತೈತಲ್ಲವಾ' ಎಂದರು.

ನಿಮ್ಮ ಕೈಗೆ ಶಕ್ತಿ ಬಂದಿರಬೇಕು ಎಂದೆ. ಅವರು ನಕ್ಕು ಪೂಜೆಗೆ ಕೂತರು. ಪೂಜೆ ಮುಗಿಸಿ ನೀರು ಕುಡಿದರು. ಆ ನೀರು ಗಂಟಲಲ್ಲಿ ಇಳಿಯುವ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಒಬ್ಬರ ಇಷ್ಟಲಿಂಗ ಇನ್ನೊಬ್ಬರಿಗೆ ಆಗುವುದಿಲ್ಲ. ಅದು ಆಯಾ ಜೀವಕ್ಕೆ ಕಟ್ಟಿದ್ದು, ಸತ್ತಾಗ ಆ ಜೀವದ ಜೊತೆ ಮಣ್ಣಿಗೆ ಹೋಗುವುದು. ಈ ಮಾತು ನನಗೂ ಗೊತ್ತು, ಮಹಾಂತೇಶನಿಗೂ ಗೊತ್ತು. ಸಂಜೆ ಅವನು ಬಂದ ಕೂಡಲೇ ಗ್ಯಾರೇಜಿನಲ್ಲಿ ನಿಲ್ಲಿಸಿ ಎಲ್ಲ ಹೇಳಿ ಅತ್ತುಬಿಟ್ಟೆ. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. ಗ್ಯಾರೇಜಿನ ಬಾಗಿಲು ಕೆಳಗೆ ಎಳೆದ.

'ಅವ್ವಗ ಹೇಳಬ್ಯಾಡ' ಎಂದ. 'ಅಕಿ ಇರೂ ತನಕ ನೀನ ಹೊರು.'

ವಾರದ ನಂತರ ವರದಿ ಬಂತು. ತಲೆಯೊಳಗೆ ಗಡ್ಡೆ, ಈ ವಯಸ್ಸಿಗೆ ಕೊಯ್ಯುವ ಹಾಗಿಲ್ಲ, ಕೆಲವು ತಿಂಗಳು. ಅತ್ತೆಗೆ ನಾವೇ ಹೇಳಿದೆವು. ಎಂಬತ್ತಕ್ಕೆ ಬಂತು, ಇನ್ನೇನು ಹೊಲ ಉಳುವುದಿದೆಯೇ ಎಂದರು. ಆಮೇಲೆ ಎದೆಯ ಮೇಲಿನ ಗಂಟನ್ನು ಮುಟ್ಟಿ ನನಗೆ ಹೇಳಿದರು: 'ಮಕ್ಕಳು ಬರೂದಿಲ್ಲ, ಬಂಗಾರ ಬರೂದಿಲ್ಲ. ಇದ ಒಂದ ನೋಡವಾ ನನ್ನ ಸಂಗಾಟ ಬರೂದು.' ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅವರಿಗೆ ಕೇಳದ ಹಾಗೆ ಅತ್ತುಬಿಟ್ಟೆ.

ಹೀಗಿರುವಾಗ ಜೂನ್ ಬಂತು, ಇಲ್ಲಿ ಅದು ಚಳಿಗಾಲ. ಸಂಜೆ ಐದಕ್ಕೇ ಕತ್ತಲು, ಗೋಡೆಗಳೆಲ್ಲ ತಣ್ಣಗೆ. ನಮ್ಮ ಮನೆಗಳನ್ನು ಕಟ್ಟಿದವರಿಗೆ ಈ ಊರಿನಲ್ಲಿ ಚಳಿಗಾಲ ಬರುತ್ತದೆ ಎನ್ನುವುದೇ ತಿಳಿದಿರಲಿಲ್ಲವೇನೋ. ಅತ್ತೆಗೆ ಫೋನಿನಲ್ಲಿ ಕನ್ನಡ ಧಾರಾವಾಹಿ ಹಾಕಿಕೊಟ್ಟರೆ, ಮನೆಯಲ್ಲಿ ಇಲ್ಲದ ಅತ್ತೆ ಸೊಸೆ ಜಗಳ ಟೀವಿಯಲ್ಲಿ ಯಾಕೆ ನೋಡಬೇಕು ಎಂದು ದೂಡುತ್ತಿದ್ದರು. ಒಂದು ಭಾನುವಾರ ನಾನು ಹೀಟರ್ ಮುಂದೆ ಕೂತು ಈ ಸರಣಿ ಹಾಕಿದೆ. ಪರದೆಯ ಮೇಲೆ ಗಂಟೆ ಬಡಿಯಿತು. ಅದು ಯಾವ ಗುಡಿ ಎಂದು ಕೇಳಿದರು. ಚರ್ಚು ಎಂದೆ. ಏನು ಹೇಳುತ್ತಿದ್ದಾರೆ ಎಂದರು. ಅಲ್ಲಿಂದ ಶುರುವಾಯಿತು.

ಇಂಗ್ಲೆಂಡಿನ ಉತ್ತರಕ್ಕೆ ಸಮುದ್ರದ ಪಕ್ಕ ಒಂದು ಸಣ್ಣ ಊರು. ಸೋರುವ ಚರ್ಚು. ಭಾನುವಾರ ಬರುವವರು ಹನ್ನೊಂದು ಜನ. ಪಾದ್ರಿಯ ಹೆಂಡತಿ ಸತ್ತಿದ್ದಾಳೆ, ಅವತ್ತಿನಿಂದ ಅವನ ಪ್ರಾರ್ಥನೆಗೆ ಆ ಕಡೆಯಿಂದ ಯಾರೂ ಫೋನ್ ಎತ್ತುತ್ತಿಲ್ಲ. ಆದರೂ ಅವನು ವಾರವಾರ ನಿಂತು ಆ ಹನ್ನೊಂದು ಜನಕ್ಕೆ ಪ್ರಸಾದದ ರೊಟ್ಟಿ ಕೊಡುತ್ತಾನೆ, ದೇವರ ಮಾತು ಹೇಳುತ್ತಾನೆ. ಒಳಗೆ ಏನೂ ಇಲ್ಲ ಎಂದು ಯಾರಿಗೂ ಹೇಳಿಲ್ಲ. ಅವರಲ್ಲಿ ಒಬ್ಬಳು ಕಾಯಿಲೆಯ ಮುದುಕಿ, ಅವಳ ಮನೆಗೇ ಹೋಗಿ ರೊಟ್ಟಿ ಕೊಟ್ಟು ಬರುತ್ತಾನೆ. ಕೊಡುವಾಗ ಅವನ ಕೈ ನಡುಗುತ್ತದೆ.

ಕಂಡದ್ದನ್ನೂ ಕೇಳಿದ್ದನ್ನೂ ನಾನೇ ಹೇಳಬೇಕಿತ್ತು.  ಅತ್ತೆ ಆ ಪಾದ್ರಿಗೆ 'ನಮ್ಮ ಅಯ್ಯ' ಎಂದು ಹೆಸರಿಟ್ಟರು. ಶನಿವಾರವೇ, ನಾಳೆ ಅಯ್ಯನವರು ಬರುತ್ತಾರಲ್ಲ ಎಂದು ನೆನಪು ಮಾಡುತ್ತಿದ್ದರು. ನನ್ನ ಮಗಳು ಸ್ಫೂರ್ತಿ ಸೋಫಾದ ಆ ಕಡೆಯಿಂದ, ಅಮ್ಮಾ ನೀನು ಅರ್ಧ ಬಿಡುತ್ತಿದ್ದೀಯ ಎಂದು ಇಂಗ್ಲಿಷಿನಲ್ಲಿ ಚುಚ್ಚುತ್ತಿದ್ದಳು. ಹೌದು, ಬಿಡುತ್ತಿದ್ದೆ. ಸುಳ್ಳು ಹೇಳುತ್ತಾ ಬದುಕುವುದರ ಬಗ್ಗೆ ಅವನು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಬಂದಾಗೆಲ್ಲ ನಾನು ಸಮುದ್ರದ ಅಲೆ, ಮಳೆ ಎಂದು ಏನೋ ಹೇಳಿ ದಾಟಿಸುತ್ತಿದ್ದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ನಮ್ಮದು. ಅತ್ತೆ ಆ ಪಾದ್ರಿಯನ್ನು ಹಾಗೆ ನೋಡಲಿಲ್ಲ. ನಾಲ್ಕನೆಯ ಕಂತಿನಲ್ಲಿ ಅವನು ಖಾಲಿ ಚರ್ಚಿನಲ್ಲಿ ಒಬ್ಬನೇ ಕೂತು ಅಳುವಾಗ, ಪಾಪ, ಎಷ್ಟು ಭಾರ ಹೊತ್ತಾನ, ಯಾರಿಗಾದರೂ ಹೇಳಿಕೊಳ್ಳಬಾರದೆ ಎಂದು ಮರುಗಿದರು. ಆ ಮಾತು ನನ್ನ ಎದೆಗೆ ನಾಟಿತು. ಅದು ಟೀವಿಯಲ್ಲಿದ್ದವನಿಗೆ ಹೇಳಿದ ಮಾತು ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ದಿನವೂ ಬೆಳಿಗ್ಗೆ ಅವರು ನನ್ನ ಲಿಂಗಕ್ಕೆ ಬಾಟಲ್‌ಬ್ರಶ್ ಹೂವಿನ ಎಸಳು ಏರಿಸುವುದನ್ನು ನೋಡುತ್ತಾ ನಿಂತವಳಿಗೆ ಬುದ್ಧಿ ಎಷ್ಟು ದಿನ ನಿಲ್ಲುತ್ತದೆ? ನನಗೆ ಊಟ ಸೇರುತ್ತಿರಲಿಲ್ಲ. ಆಫೀಸಿನಲ್ಲಿ ಒಂದೇ ಇಮೇಲನ್ನು ಮೂರು ಸಲ ಕಳಿಸುತ್ತಿದ್ದೆ. ಮಹಾಂತೇಶನಿಗೆ ಹೇಳಿದರೆ, ಹೊರು ಎಂದು ಒಂದೇ ಮಾತು.

ಜುಲೈ ನಡುವೆ ಅತ್ತೆ ಮೆಲ್ಬರ್ನಿಗೆ ಹೋದರು. ಚಿಕ್ಕ ಮಗನ ಮನೆಯಲ್ಲೂ ನಾಲ್ಕು ದಿನ ಇರಬೇಕು ಎಂದು ಆಸೆ. ಅಲ್ಲಿಯ ಚಳಿ ಇಲ್ಲಿಯದಕ್ಕಿಂತ ಕೆಟ್ಟದ್ದು, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿರುತ್ತದೆ. ಶಿವುವಿನ ಮನೆ ಊರಿನ ಅಂಚಿನ ಹೊಸ ಸಬರ್ಬಿನಲ್ಲಿ. ಕಿಟಕಿಯಿಂದ ನೋಡಿದರೆ ಬರೀ ಅರೆಬರೆ ಮನೆಗಳ ಸಾಲು. ಅಲ್ಲಿಗೆ ಹೋದರೂ ಅತ್ತೆ ಅಯ್ಯನವರನ್ನು ಬಿಡಲಿಲ್ಲ. ಭಾನುವಾರ ಸಂಜೆ ಅವರು ಅಲ್ಲಿ ಟೀವಿ ಮುಂದೆ, ನಾನು ಇಲ್ಲಿ ಟೀವಿ ಮುಂದೆ, ನಡುವೆ ಫೋನ್. ಶಿವು ಹೇಳಬಾರದೇ ಎಂದರೆ, ಅವನು ನ್ಯೂಸ್ ಓದಿದ ಹಾಗೆ ಓದುತ್ತಾನೆ, ನೀನೇ ಹೇಳು ಎನ್ನುತ್ತಿದ್ದರು.

ಕೊನೆಯ ಕಂತಿಗೆ ನಾನು ವಿಮಾನ ಬುಕ್ ಮಾಡಿಕೊಂಡು ಹೋದೆ. ಸೋಮವಾರ ರಜೆ ಹಾಕಿದ್ದೆ. ಅತ್ತೆ ಇಳಿದುಹೋಗಿದ್ದರು, ಕಣ್ಣು ಪೂರ್ತಿ ಹೋಗಿತ್ತು, ಆದರೂ ಪೂಜೆ ತಪ್ಪಿರಲಿಲ್ಲ. ಹೊದಿಕೆಯೊಳಗೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಥೆ ಕೇಳಿದರು. ಆ ಕಂತಿನಲ್ಲಿ ಪಾದ್ರಿ ಸಾಯುತ್ತಿರುವ ಮುದುಕಿಯ ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಡುತ್ತಾನೆ. ಎರಡು ವರ್ಷದಿಂದ ನಾನು ನಿನಗೆ ಕೊಟ್ಟ ರೊಟ್ಟಿಯ ಹಿಂದೆ ನನ್ನ ನಂಬಿಕೆ ಇರಲಿಲ್ಲ, ನಿನಗೆ ಮೋಸ ಮಾಡಿದೆ ಎನ್ನುತ್ತಾನೆ. ಮುದುಕಿ ಅವನ ಕೈ ಹಿಡಿದುಕೊಂಡು, ಕೈ ಮಾತ್ರ ನಿನ್ನದು, ರೊಟ್ಟಿ ನಿನ್ನದಲ್ಲವಲ್ಲ ಎಂದು ನಗುತ್ತಾಳೆ. ಅವನ ಮುಖ ಬೆಳಗುತ್ತದೆ. ಸಂಗೀತ ಬರುತ್ತದೆ. ಈ ಸಲ ನಾನು ಒಂದು ಅಕ್ಷರವನ್ನೂ ಬಿಡದೆ ಹೇಳಿದೆ.

ಅತ್ತೆ ತಲೆ ಆಡಿಸಿದರು. 'ಖರೆ ಹೇಳಿದ್ಲು ನೋಡು ಮುದುಕಿ' ಎಂದರು.

ಸಾಕಾಯಿತು ನನಗೆ. ಅಪ್ಪಣೆ ಸಿಕ್ಕಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಶಿವು ಮತ್ತು ಅವನ ಹೆಂಡತಿ ಕೆಲಸಕ್ಕೆ ಹೋದರು. ಅತ್ತೆಯ ಪೂಜೆ ಆಯಿತು, ಚಹಾ ಆಯಿತು. ಕಿಟಕಿಯ ಹತ್ತಿರ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿ, ಕಾಲ ಬಳಿ ಕೂತು ಎಲ್ಲ ಹೇಳಿದೆ. ಲಾಕರು, ಚಪ್ಪಲಿ, ಕಿಟಕಿಯ ಕಟ್ಟೆ, ಲಾರಿ, ನನ್ನ ಡ್ರಾಯರು. ಹೇಳುತ್ತಾ ಹೇಳುತ್ತಾ ನಾನು ಹಗುರಾಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಅವರು ನನ್ನ ತಲೆಯ ಮೇಲೆ ಕೈ ಇಡುತ್ತಾರೆ ಎಂದು ಕಾದೆ.

'ಟಿಶ್ಯೂ ಅಂದ್ರ ಮೂಗು ಒರಸೂದಲ್ಲ?' ಎಂದು ಕೇಳಿದರು.

ಹೌದು ಎಂದೆ.

'ಹಂಗಾರ ನಾಕು ತಿಂಗಳಿಂದ ನಾ ಲಿಂಗ ಇಲ್ಲದ ಉಂಡೇನಿ' ಎಂದರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ಮತ್ತೆ ಕೂಡಿಸಿ ನೋಡುವ ದನಿ.

ನನಗೆ ದಿಗಿಲಾಯಿತು. ಅತ್ತೀ, ನಿನ್ನೆ ಆ ಮುದುಕಿ ಹೇಳಿದ್ದಕ್ಕೆ ನೀವೇ ಖರೆ ಅಂದಿರಲ್ಲ, ಕೈ ಮಾತ್ರ ಅವನದು ಅಂತ, ಎಂದು ಬಡಬಡಿಸಿದೆ. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

'ಅಕಿದು ರೊಟ್ಟಿ. ವಾರಾ ವಾರಾ ಹೊಸಾದು ಬರತೈತಿ' ಎಂದರು. 'ನಂದು ಒಂದ ಇತ್ತವಾ.'

ಕೊರಳಿನ ಗಂಟು ಬಿಚ್ಚಿದರು. ಬೆರಳಿಗೆ ಬೇಗ ಸಿಗಲಿಲ್ಲ, ನಾನು ಸಹಾಯಕ್ಕೆ ಹೋದರೆ ಕೈ ಸರಿಸಿದರು. ಇದು ನಿನ್ನದು, ನೀನು ಕಟ್ಟಿಕೋ ಎಂದು ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ಇನ್ನೇನು ಮಾಡಲಿ?

ಅವತ್ತು ಮಧ್ಯಾಹ್ನ ಅವರು ಉಣ್ಣಲಿಲ್ಲ, ಸಂಜೆಯೂ ಇಲ್ಲ, ನೀರೂ ಇಲ್ಲ. ಮಹಾಂತೇಶ ಸಿಡ್ನಿಯಿಂದ ಓಡಿ ಬಂದ. ಶಿವು ಊರಿನ ಮಠಕ್ಕೆ ವಿಡಿಯೋ ಕಾಲ್ ಮಾಡಿದ. ಸ್ವಾಮಿಗಳು ಬಹಳ ಪ್ರೀತಿಯಿಂದ ಮಾತಾಡಿದರು. ತಾಯೀ, ಕಳೆದದ್ದು ಕಲ್ಲು, ಭಕ್ತಿ ಕಳೆದಿಲ್ಲ, ಹೊಸದು ಕಟ್ಟಿಕೊಳ್ಳಿ, ಇಲ್ಲಿಂದಲೇ ಮಂತ್ರ ಹೇಳುತ್ತೇನೆ ಎಂದರು. ಮೆಲ್ಬರ್ನಿನ ಒಬ್ಬ ಕನ್ನಡದವರ ಮನೆಯಲ್ಲಿ ಊರಿನಿಂದ ತಂದಿಟ್ಟ ಹೊಸ ಲಿಂಗ ಇತ್ತು, ಶಿವು ಹೋಗಿ ಅದನ್ನೂ ತಂದ. ಅತ್ತೆ ಎಲ್ಲ ಕೇಳಿಸಿಕೊಂಡು, ಆಗಲಿ ಬುದ್ಧಿ ಎಂದು ಫೋನಿಗೆ ಕೈ ಮುಗಿದರು. ಹೊಸದನ್ನು ದಿಂಬಿನ ಪಕ್ಕ ಇಡಿಸಿಕೊಂಡರು. ಕಟ್ಟಿಕೊಳ್ಳಲಿಲ್ಲ. ಮೂರನೆಯ ದಿನ ಇಬ್ಬರು ಮಕ್ಕಳೂ ಕಾಲು ಹಿಡಿದುಕೊಂಡ ಮೇಲೆ ಚಮಚದಲ್ಲಿ ನೀರು ಕುಡಿದರು. ಕುಡಿದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಮಾವ ಸತ್ತಾಗಲೂ ಅತ್ತಿರಲಿಲ್ಲ.

ಆಮೇಲೆ ಮೂರು ವಾರ ಇದ್ದರು. ನಾನು ಆಫೀಸಿಗೆ ರಜೆ ಹಾಕಿ ಅಲ್ಲೇ ಉಳಿದೆ. ನನ್ನ ಮೇಲೆ ಒಂದು ದಿನವೂ ಕೋಪ ತೋರಿಸಲಿಲ್ಲ. ನಾನು ಮೈ ಒರೆಸಿದರೆ ಒರೆಸಿಸಿಕೊಂಡರು, ಗಂಜಿ ಕೊಟ್ಟರೆ ನಾಲ್ಕು ಗುಟುಕು ಕುಡಿದರು. ದಿನವೂ ಬೆಳಿಗ್ಗೆ ಎಬ್ಬಿಸಿ ಕೂರಿಸಿದಾಗ ಮಾತ್ರ ಎಡಗೈ ತಾನಾಗಿ ಮೇಲೆ ಬಂದು ಅಂಗೈ ತೆರೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಆಮೇಲೆ ಮರೆತದ್ದು ನೆನಪಾದ ಹಾಗೆ ಮುಚ್ಚಿ, ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರು. ಇದನ್ನು ನಾನು ಇಪ್ಪತ್ತು ಬೆಳಿಗ್ಗೆ ನೋಡಿದ್ದೇನೆ.

ಒಂದು ದಿನ ಅವರು ನನ್ನನ್ನು ಹತ್ತಿರ ಕರೆದರು. ಈಗಲಾದರೂ ಬೈಯಲಿ ಎಂದು ಹೋದೆ.

'ಆ ನಾಕು ತಿಂಗಳು ನಾ ಮಾಡಿದ ಪೂಜಿ ಯಾರಿಗೆ ಹೋತು?' ಎಂದು ಕೇಳಿದರು. 'ನಿನಗ ಗೊತ್ತಿದ್ರ ಹೇಳು.'

ಓದಿಕೊಂಡವಳು ನಾನು, ಇಂಗ್ಲಿಷಿನ ಪಾದ್ರಿಯ ಎಂಟು ಕಂತಿನ ಮಾತು ಬಾಯಿಪಾಠ ಇದ್ದವಳು.  ಶಿವನಿಗೇ ಹೋಯಿತು ಎನ್ನಬಹುದಿತ್ತು. ಡ್ರಾಯರಿನಲ್ಲಿ ದೇವರನ್ನು ಇಟ್ಟವಳ ಬಾಯಿಂದ ಆ ಮಾತನ್ನು ಅವರು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ. ಅವರು ಇರಲಿ ಬಿಡು ಎಂದು ಮುಖ ತಿರುಗಿಸಿದರು.

ಮಹಾಂತೇಶ ಶನಿವಾರ ಭಾನುವಾರ ಬಂದು ಹೋಗುತ್ತಿದ್ದ. ಒಮ್ಮೆ ಏರ್‌ಪೋರ್ಟಿಗೆ ಬಿಡಲು ಹೋದಾಗ ಕಾರಿನಿಂದ ಇಳಿಯದೆ ಕೂತುಕೊಂಡ. ನಾನು, ಸತ್ಯ ಹೇಳಬೇಕು ಅನ್ನಿಸಿತು, ಮೋಸದಲ್ಲಿ ಸಾಯಬಾರದು ಅನ್ನಿಸಿತು ಎಂದು ಏನೇನೋ ಸಮಜಾಯಿಷಿ ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ.

'ನಿನಗ ಹೊರು ಅಂದಿದ್ದೆ' ಎಂದ. 'ನೀ ಇಳಿಸಿದಿ. ಇಳಿಸೂದು ಇಳಿಸಿದಿ, ಅಕಿ ಮ್ಯಾಲ ಇಳಿಸಿದಿ.'

ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ಹೊಟ್ಟೆ ತಣ್ಣಗಾಗಲಿ ಎಂದು ನಾನು ಬಾಯಿ ಬಿಟ್ಟೆ. ಆ ನಾಟಕ ಬರೆದವರಿಗೆ ಪಾದ್ರಿಯ ಮುಖ ಬೆಳಗಬೇಕಿತ್ತು, ಅದಕ್ಕೊಬ್ಬಳು ಮುದುಕಿಯನ್ನು ಮಾಡಿದರು. ನಾನು ನನ್ನ ಅತ್ತೆಯನ್ನು ಆ ಮುದುಕಿ ಅಂದುಕೊಂಡೆ. ಸತ್ಯ ಕೇಳಿದವರು ಕ್ಷಮಿಸಲೇಬೇಕು, ಕ್ಷಮಿಸಿ ನಗಲೇಬೇಕು ಎಂದು ಎಲ್ಲಿ ಬರೆದಿದೆ?

ಆಗಸ್ಟ್ ಕೊನೆಯ ವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅತ್ತೆ ಹೋದರು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಎಂದರು, ಒಪ್ಪಿಕೊಂಡೆವು. ಕ್ರಿಯೆ ಮಾಡಿಸಲು ಹಿರೇಮಠ ಅಂಕಲ್ ಬಂದರು. ವಾರವೆಲ್ಲ ಟ್ರಾಮ್ ಓಡಿಸುವ ಮನುಷ್ಯ, ಮೆಲ್ಬರ್ನಿನ ನಮ್ಮವರ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅವರೇ. ಮೂವತ್ತು ನಲವತ್ತು ಜನ ಸೇರಿದ್ದರು. ಮಳೆ ಹನಿಯುತ್ತಿತ್ತು. ಕೆಲವು ಹೆಂಗಸರು ನನ್ನ ಬೆನ್ನು ಸವರಿ, ಹಡೆದ ಮಗಳೂ ಹೀಗೆ ಮಾಡಲಾರಳು, ಕೆಲಸ ಬಿಟ್ಟು ಬಂದು ನೋಡಿಕೊಂಡೆ ಎಂದು ಹೊಗಳುತ್ತಿದ್ದರು.

ಹಿರೇಮಠ ಅಂಕಲ್ ಹಣೆಗೆ ವಿಭೂತಿ ಹಚ್ಚಿ, ಅತ್ತೆಯ ಎಡ ಅಂಗೈ ಬಿಡಿಸಿ, ಲಿಂಗ ಕೊಡಿ ಎಂದರು. ಶಿವು ಹೊಸದನ್ನು ಕೊಟ್ಟ. ಅದರ ಮೇಲಿನ ಕಪ್ಪು ಲೇಪ ಇನ್ನೂ ಮಿರುಗುತ್ತಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೈಯಲ್ಲಿ ಇಡದೆ, ತಲೆಯೆತ್ತಿದರು. ಶಿವು ನೆಲ ನೋಡಿದ. ಮಹಾಂತೇಶ ಕಣ್ಣು ಮುಚ್ಚಿಕೊಂಡ. ಅವರು ಹಿರಿಯ ಸೊಸೆಯಾದ ನನ್ನನ್ನು ಕೇಳಿದರು.

'ಅವ್ವಾರ ಕೊರಳಾಗ ಮೊದಲಿಂದ ಇದ್ದದ್ದು ಇದ ಏನವಾ?'

'ಹೌದ್ರಿ, ಇದ' ಎಂದೆ. 'ಹ್ವಾದ ವರ್ಷ ಮ್ಯಾಲಿನ ಲೇಪ ಹೊಸಾದು ಮಾಡಿಸಿದ್ವಿ.'

ಅವರು ತಲೆಯಾಡಿಸಿ, ಲಿಂಗವನ್ನು ಅತ್ತೆಯ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದರು. ನನ್ನ ದನಿ ನಡುಗಿರಲಿಲ್ಲ. ಕೈಯೂ ನಡುಗಿರಲಿಲ್ಲ. ಅಷ್ಟು ಜನ ಕೇಳಿಸಿಕೊಂಡರು, ಒಬ್ಬರಿಗೂ ಅನುಮಾನ ಬರಲಿಲ್ಲ. ನಾನು ಎಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಅವತ್ತು ತಿಳಿಯಿತು. ಅತ್ತೆಯ ಮುಂದೆ ಅದನ್ನು ಇನ್ನು ಮೂರು ವಾರ ಹೇಳಿದ್ದರೆ ಸಾಕಿತ್ತು.